ಸಹಪಾಠಿಗಳ ನಗೆಚಿತ್ರ ಬರೆಯುವುದು ಹೇಗೆ: ಬೀಳ್ಕೊಡುಗೆ ಪುಸ್ತಿಕೆಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಹೈಸ್ಕೂಲು ಮುಗಿಸಿ ಹೊರಡುವ ಕ್ಲಾಸಿನ ಒಬ್ಬೊಬ್ಬರ ಬಗ್ಗೆಯೂ ನಾಲ್ಕು ತಮಾಷೆಯ ಸಾಲು, ಅಂದರೆ ಮಾತಿನಲ್ಲೇ ಒಂದು ನಗೆಚಿತ್ರ, ಬರೆಯೋಣ ಅಂತ ಹೊರಟವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ಹತ್ತು ಚಿತ್ರ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತವೆ. ಅವರೆಲ್ಲ ಗಲಾಟೆ ಗಿರಾಕಿಗಳು, ಅವರ ಬಗ್ಗೆ ಬರೆಯೋದು ಸುಲಭ. ಹದಿನೈದನೆಯದಕ್ಕೆ ಕೈ ನಿಧಾನವಾಗುತ್ತದೆ. ಇಪ್ಪತ್ತೈದರ ಹೊತ್ತಿಗೆ ‘ಇವಳು ಮೃದು ಸ್ವಭಾವದವಳು, ಎಲ್ಲರೊಡನೆ ಹೊಂದಿಕೊಳ್ಳುತ್ತಾಳೆ’ ಅನ್ನೋ ಸಾಲು ಶುರುವಾಗಿ, ಕೊನೆಯ ಹತ್ತು ಮಂದಿಗೂ ಅದನ್ನೇ ಸ್ವಲ್ಪ ತಿರುಗಿಸಿ ಬರೆದು ಮುಗಿಸುತ್ತಾರೆ. ಪುಸ್ತಿಕೆ ಕೈಗೆ ಬಂದ ದಿನ ಆ ಹತ್ತು ಮಂದಿ ತಮ್ಮ ಪುಟ ತೆರೆದು, ಓದಿ, ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಇನ್ನೊಂದು ಸೋಲು ಇದಕ್ಕಿಂತ ಕೆಟ್ಟದ್ದು. ಕ್ಲಾಸೆಲ್ಲ ನಗುತ್ತದೆ, ಯಾರ ಬಗ್ಗೆ ಬರೆದಿದೆಯೋ ಅವರು ಮಾತ್ರ ನಗುವುದಿಲ್ಲ.

ಎರಡಕ್ಕೂ ಮೂಲ ಕೆಲಸದ ಕ್ರಮದಲ್ಲಿದೆ. ಕಂಡದ್ದನ್ನು ಕೂಡಿಹಾಕದೆ ಬರೆಯಲು ಕೂರುತ್ತಾರೆ, ಬರೆದದ್ದನ್ನು ತೋರಿಸದೆ ಅಚ್ಚಿಗೆ ಕಳಿಸುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನ ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಹಾರಿಸಿದ್ದು ಕೊನೆಯಲ್ಲಿ ಎದುರಿಗೆ ಬಂದು ನಿಲ್ಲುತ್ತದೆ, ಅದೂ ಅಚ್ಚಿಗೆ ಕೊಡುವ ಹಿಂದಿನ ರಾತ್ರಿ.

## ಮೊದಲು ಬೇಕಾಗುವ ಸಾಮಾನು

ಹಾಜರಿ ಪುಸ್ತಕದ ಪೂರ್ತಿ ಪಟ್ಟಿ. ನೆನಪಿನಿಂದ ಬರೆದ ಪಟ್ಟಿ ನಡೆಯುವುದಿಲ್ಲ. ನೆನಪಿನ ಪಟ್ಟಿಯಲ್ಲಿ ಯಾವಾಗಲೂ ಒಬ್ಬರೋ ಇಬ್ಬರೋ ಬಿಟ್ಟುಹೋಗುತ್ತಾರೆ, ಮತ್ತು ಬಿಟ್ಟುಹೋಗುವವರು ಯಾವಾಗಲೂ ಅದೇ ಹಿಂದಿನ ಮೂಲೆಯವರು.

ಒಂದು ಉದ್ದ ನೋಟುಪುಸ್ತಕ. ಒಬ್ಬರಿಗೆ ಒಂದು ಪುಟ. ಫೋನಿನಲ್ಲಿ ಬರೆದುಕೊಳ್ಳುವುದಾದರೆ ಬೇರೆಯವರಿಗೆ ಕಾಣದ ಕಡತದಲ್ಲಿ ಇಡಿ. ಕ್ಲಾಸಿನ ಗುಂಪಿನಲ್ಲಿ ಟಿಪ್ಪಣಿ ಹಂಚಿಕೊಳ್ಳಬೇಡಿ, ಅರ್ಧ ಬರೆದ ತಮಾಷೆಯಷ್ಟು ಬೇಗ ಜಗಳ ಹಚ್ಚುವುದು ಬೇರೊಂದಿಲ್ಲ.

ಇಬ್ಬರು ಓದುಗರು. ಒಬ್ಬರು ಕ್ಲಾಸಿನವರೇ ಆಗಿರಲಿ, ಆದರೆ ನಿಮ್ಮ ಗುಂಪಿನವರು ಬೇಡ. ಇನ್ನೊಬ್ಬರು ಶಿಕ್ಷಕರು.

ಸಮಯ. ನಲವತ್ತು ಮಂದಿಯ ಕ್ಲಾಸಾದರೆ ನಾಲ್ಕು ವಾರ ಇಟ್ಟುಕೊಳ್ಳಿ: ಎರಡು ವಾರ ಸರಕು ಕೂಡಿಸಲು, ಒಂದು ವಾರ ಬರೆಯಲು, ಒಂದು ವಾರ ತೋರಿಸಿ ತಿದ್ದಲು. ಅಚ್ಚಿನವರಿಗೆ ಬೇಕಾದ ದಿನಗಳು ಇದರ ಮೇಲೆ. ಎಲ್ಲರೂ ಈ ಲೆಕ್ಕವನ್ನು ತಿರುಗುಮುರುಗು ಮಾಡುತ್ತಾರೆ, ಬರೆಯೋದಕ್ಕೇ ಮೂರು ವಾರ ಕೊಡುತ್ತಾರೆ. ಕೈಯಲ್ಲಿ ಸರಕಿದ್ದರೆ ಬರೆಯೋದು ಬೇಗ ಆಗುತ್ತದೆ. ಸರಕಿಲ್ಲದಿದ್ದರೆ ಮೂರು ತಿಂಗಳು ಕೊಟ್ಟರೂ ಆಗುವುದಿಲ್ಲ.

## ಹಂತ 1: ಅಳತೆ ಮತ್ತು ಅನುಕ್ರಮ ಗೊತ್ತುಮಾಡಿ

ಪ್ರತಿಯೊಬ್ಬರಿಗೂ ಒಂದೇ ಅಳತೆ. 70ರಿಂದ 90 ಪದ ಸಾಕು. ಇಬ್ಬರು ಗೆಳೆಯರಿಗೆ ಮುಕ್ಕಾಲು ಪುಟ, ಉಳಿದವರಿಗೆ ಎರಡೆರಡು ಸಾಲು ಅಂತ ಬಂದರೆ ಒಳಗೆ ಏನು ಬರೆದಿದೆ ಅಂತ ನೋಡುವ ಮೊದಲೇ ಎಲ್ಲರಿಗೂ ವಿಷಯ ಗೊತ್ತಾಗುತ್ತದೆ.

ಪುಟದ ಲೆಕ್ಕವನ್ನೂ ಈಗಲೇ ಮಾಡಿ. ಎ5 ಅಳತೆಯ ಪುಸ್ತಿಕೆಯಲ್ಲಿ (148 × 210 ಮಿಲಿಮೀಟರ್) ಚಿಕ್ಕ ಫೋಟೊ ಸಮೇತ ಪುಟಕ್ಕೆ ಎರಡು ಚಿತ್ರ ಹಿಡಿಯುತ್ತವೆ. ನಲವತ್ತು ಮಂದಿಗೆ ಇಪ್ಪತ್ತು ಪುಟ. ನಡುವೆ ಪಿನ್ ಹೊಡೆದು ಮಡಿಸುವ ಪುಸ್ತಿಕೆಯಲ್ಲಿ ಒಟ್ಟು ಪುಟ 4ರ ಗುಣಕದಲ್ಲೇ ಇರಬೇಕು: 20, 24, 28 ಹೀಗೆ. ಮೊದಲ ಮಾತು, ಗುಂಪಿನ ಫೋಟೊ ಸೇರಿ 22 ಪುಟ ಆಯಿತು ಅಂದರೆ ಎರಡು ಪುಟ ಖಾಲಿ ಬೀಳುತ್ತವೆ. ಅದನ್ನು ತುಂಬಿಸಲು ಕೊನೆ ಗಳಿಗೆಯಲ್ಲಿ ಯಾರದ್ದೋ ಕವನ ಹುಡುಕುವ ಪಾಡು ಬೇಡ. ಖಾಲಿ ಬಿಟ್ಟು ‘ಸಹಿಗಳು’ ಅಂತ ತಲೆಬರಹ ಹಾಕಿ, ಮುಗಿಯಿತು.

ಅನುಕ್ರಮ ಹಾಜರಿ ಸಂಖ್ಯೆಯದ್ದೋ ಅಕಾರಾದಿಯೋ ಆಗಲಿ. ಜಾಸ್ತಿ ಅಂಕ ತೆಗೆದವರು ಮೊದಲು, ಕ್ರೀಡಾಪಟುಗಳು ಆಮೇಲೆ ಅನ್ನೋ ವಿಂಗಡಣೆಗೆ ಇಲ್ಲಿ ಜಾಗವಿಲ್ಲ.

## ಹಂತ 2: ಯಾರು ಯಾರ ಬಗ್ಗೆ ಬರೆಯಬಾರದು

ಮೂವರ ತಂಡ ಸರಿಹೋಗುತ್ತದೆ. ಸರಕನ್ನು ಎಲ್ಲರೂ ತರಲಿ, ಕೊನೆಯ ಬರವಣಿಗೆ ಮಾತ್ರ ಒಂದೇ ಕೈಯಿಂದ ಹಾದುಬರಲಿ. ಇಲ್ಲದಿದ್ದರೆ ಅರ್ಧ ಪುಸ್ತಿಕೆ ಪದ್ಯದ ಧಾಟಿಯಲ್ಲೂ ಅರ್ಧ ವರದಿಯ ಧಾಟಿಯಲ್ಲೂ ಇರುತ್ತದೆ.

ಇಬ್ಬರನ್ನು ದೂರ ಇಡಿ. ಒಂದು, ಜೀವದ ಗೆಳೆಯ. ಅವನು ಬರೆದದ್ದು ಅವರಿಬ್ಬರಿಗೆ ಮಾತ್ರ ಅರ್ಥವಾಗುತ್ತದೆ. ‘ಆ ದಿನ ಲ್ಯಾಬಿನ ಹಿಂದೆ ಆಗಿದ್ದು ನೆನಪಿದೆಯಾ!’ ಅಂತ ಬರೆದು ತಾನೇ ಬಿದ್ದು ಬಿದ್ದು ನಗುತ್ತಾನೆ. ಎರಡು, ಇತ್ತೀಚೆಗೆ ಮಾತು ಬಿಟ್ಟವರು. ಅವರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬರೆದರೂ ಒಂದು ಪದದಲ್ಲಿ ಹಳೆಯ ಸಿಟ್ಟು ಇಣುಕುತ್ತದೆ. ಮತ್ತು ಬರೆಯುವವರ ಚಿತ್ರವನ್ನು ಅವರೇ ಬರೆದುಕೊಳ್ಳಬಾರದು. ತಂಡದ ಮೂವರ ಚಿತ್ರವನ್ನೂ ಹೊರಗಿನವರಿಗೆ ಕೊಡಿ, ಒಂದಿಷ್ಟು ಖಾರವಾಗಿಯೇ ಬರೆಯಲು ಹೇಳಿ. ತಂಡದವರು ಮೊದಲು ತಾವು ಏಟು ತಿಂದರೆ ಉಳಿದವರಿಗೆ ಧೈರ್ಯ ಬರುತ್ತದೆ.

## ಹಂತ 3: ಸರಕು ಕೂಡಿಸಿ

ಇಡೀ ಕೆಲಸದ ಬೆನ್ನೆಲುಬು ಇದೇ. ಈ ಹಂತದಲ್ಲಿ ಒಂದು ವಾಕ್ಯವನ್ನೂ ಬರೆಯಬೇಡಿ.

ಪ್ರತಿ ಪುಟದಲ್ಲೂ ಮೂರು ಕಾಲಂ ಎಳೆಯಿರಿ: ಮಾಡುವುದು, ಹೇಳುವುದು, ಜೊತೆಗಿರುವುದು. ‘ಹೇಗಿದ್ದಾನೆ’ ಅನ್ನೋ ಕಾಲಂ ಬೇಕಂತಲೇ ಇಲ್ಲ. ಒಳ್ಳೆಯವನು, ಚುರುಕಾದವಳು, ಹಾಸ್ಯ ಸ್ವಭಾವದವನು ಇವೆಲ್ಲ ಆ ಕಾಲಂನಿಂದ ಬರುತ್ತವೆ ಮತ್ತು ಒಂದಕ್ಕೂ ನಗು ಬರುವುದಿಲ್ಲ.

‘ಮಾಡುವುದು’ ಕಾಲಂಗೆ ಕಣ್ಣಿಗೆ ಕಂಡ ಕೆಲಸ ಮಾತ್ರ ಬರಲಿ. ಬಾಗಿಲಲ್ಲಿ ತಡವಾಗಿ ಬಂದು ನಿಂತು, ಕಾರಣ ಹೇಳುವ ಮೊದಲು ಕ್ಲಾಸಿನ ಗಡಿಯಾರವನ್ನೇ ಒಂದು ಸಲ ಅನುಮಾನದಿಂದ ನೋಡುವವನು. ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಅಂಕಗಳನ್ನು ತಾನೇ ಕೂಡಿಸಿ, ಒಂದು ಅಂಕ ಜಾಸ್ತಿ ಬಂದಿದ್ದರೆ ಎದ್ದು ಹೋಗಿ ಹೇಳುವವಳು. ಅವಳ ಬೆನ್ನ ಹಿಂದೆ ಇಡೀ ಕ್ಲಾಸು ‘ಬೇಡ ಕಣೇ, ಬೇಡ’ ಅಂತ ಕೈಸನ್ನೆ ಮಾಡುತ್ತಿರುತ್ತದೆ.

‘ಹೇಳುವುದು’ ಕಾಲಂಗೆ ಅವರ ಬಾಯಿಯ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ‘ಪರೀಕ್ಷೆಗೆ ಓದಿಲ್ಲ ಎನ್ನುತ್ತಾನೆ’ ಅಂತ ಬರೆದರೆ ಪ್ರಯೋಜನವಿಲ್ಲ. ‘ಪುಸ್ತಕ ಮುಟ್ಟಿದ್ರೆ ಕೇಳು, ಸುಮ್ನೆ ಒಂದು ಸಲ ತಿರುವಿ ಹಾಕಿದೆ ಅಷ್ಟೇ’ ಅಂತ ಇದ್ದರೆ ಆ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ.

‘ಜೊತೆಗಿರುವುದು’ ಅಂದರೆ ಅವರಿಂದ ಬೇರೆ ಮಾಡಲಾಗದ ವಸ್ತು. ಎರಡೂ ತುದಿ ಕಚ್ಚಿದ ಪೆನ್ಸಿಲು. ಮುಚ್ಚಳ ಹೋದ ಕಂಪಾಸ್ ಪೆಟ್ಟಿಗೆ, ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡು. ಬೇಸಿಗೆಯಲ್ಲೂ ಬಿಡದ ಸ್ವೆಟರು.

### ಯಾರಿಂದ ಶುರುಮಾಡಬೇಕು

ಕ್ಲಾಸಿನ ಅತಿ ಮೌನಿಯಿಂದ. ನಾನು ಹಠ ಹಿಡಿದು ಹೇಳುವ ಮಾತು ಇದೊಂದೇ. ಹುರುಪು, ಸಮಯ, ತಾಳ್ಮೆ ಮೂರೂ ಜಾಸ್ತಿ ಇರುವುದು ಮೊದಲ ವಾರದಲ್ಲಿ. ಅದನ್ನು ಕಷ್ಟದ ಹತ್ತು ಮಂದಿಗೆ ಖರ್ಚು ಮಾಡಿ. ಗಲಾಟೆ ಗಿರಾಕಿಗಳ ಸರಕು ಎಲ್ಲರ ಬಾಯಲ್ಲೂ ಇದೆ, ಕೊನೆಯ ದಿನ ಕೇಳಿದರೂ ಸಿಗುತ್ತದೆ.

ಮೌನಿಗಳ ಬಗ್ಗೆ ಅವರ ಪಕ್ಕದಲ್ಲಿ ಕೂರುವವರನ್ನು ಕೇಳಿ. ಸುಮ್ಮನಿರುವವರೂ ದಿನವಿಡೀ ಏನಾದರೂ ಮಾಡುತ್ತಲೇ ಇರುತ್ತಾರೆ, ಅದು ಒಂದು ಮೊಳದ ಆಚೆ ಕಾಣುವುದಿಲ್ಲ ಅಷ್ಟೇ. ಒಬ್ಬ ಮೌನಿಯ ಪುಟದಲ್ಲಿ ಪಕ್ಕದವಳು ಹೇಳಿದ ಒಂದು ವಿಷಯ ಹೀಗಿತ್ತು ಅಂದುಕೊಳ್ಳಿ: ‘ನಾನು ಲೆಕ್ಕ ತಪ್ಪಿದರೆ ಅವಳು ಏನೂ ಹೇಳಲ್ಲ, ತನ್ನ ಪುಸ್ತಕಾನ ಸ್ವಲ್ಪ ನನ್ನ ಕಡೆ ಸರಿಸ್ತಾಳೆ.’ ಅಷ್ಟು ಸಾಕು. ಅದರಿಂದ ಹೀಗೆ ಬರೆಯಬಹುದು:

> ಇವಳು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಇವಳ ನೋಟುಪುಸ್ತಕ ಮಾತಾಡಿದ್ದನ್ನು ಕೇಳದವರಿಲ್ಲ. ಪಕ್ಕದವಳು ಲೆಕ್ಕ ತಪ್ಪಿದರೆ ಪುಸ್ತಕ ಒಂದು ಬೆರಳು ಎಡಕ್ಕೆ ಸರಿಯುತ್ತದೆ. ದೊಡ್ಡ ತಪ್ಪಾದರೆ ಎರಡು ಬೆರಳು. ಬೀಜಗಣಿತ ಶುರುವಾದ ದಿನ ಪುಸ್ತಕ ಪೂರ್ತಿ ಪಕ್ಕದ ಡೆಸ್ಕಿಗೇ ಹೋಗಿ ಕೂತಿತ್ತು.

ಇದರಲ್ಲಿ ‘ಸಹಾಯ ಮಾಡುವ ಗುಣ’ ಅನ್ನೋ ಮಾತೇ ಇಲ್ಲ, ನೋಡಿ.

### ಏನು ಕೇಳಬೇಕು

‘ಅವನು ಹೇಗೆ?’ ಅಂತ ಕೇಳಿದರೆ ‘ಒಳ್ಳೆ ಹುಡುಗ’ ಅನ್ನೋ ಉತ್ತರ ಬರುತ್ತದೆ. ಹೊತ್ತನ್ನು ಹಿಡಿದು ಕೇಳಿ. ಗಂಟೆ ಹೊಡೆದ ಕೂಡಲೇ ಅವನು ಮೊದಲು ಏನು ಮಾಡುತ್ತಾನೆ? ಉತ್ತರ ಗೊತ್ತಿಲ್ಲದ ಪ್ರಶ್ನೆ ತನ್ನ ಕಡೆ ಬರುತ್ತಿದೆ ಅಂತ ಕಂಡರೆ ಎಲ್ಲಿ ನೋಡುತ್ತಾನೆ? ಪರೀಕ್ಷೆಯ ಕೊನೆಯ ಐದು ನಿಮಿಷದಲ್ಲಿ? ಆಟದಲ್ಲಿ ಸೋತರೆ? ಯಾರಾದರೂ ಅಳುತ್ತಿದ್ದರೆ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ಚಿತ್ರದ ಪ್ರೀತಿಯ ಭಾಗ ಬಹುತೇಕ ಅಲ್ಲಿಂದಲೇ ಬರುತ್ತದೆ.

ಒಂದು ವಿಷಯವನ್ನು ಬಳಸುವ ಮೊದಲು ಕಂಡವರು ಕನಿಷ್ಠ ಇಬ್ಬರಿರಬೇಕು. ಒಬ್ಬರೇ ಹೇಳಿದ್ದು ಗಾಳಿಸುದ್ದಿಯೂ ಆಗಿರಬಹುದು, ಹಳೆಯ ಲೆಕ್ಕ ಚುಕ್ತಾ ಮಾಡುವ ದಾರಿಯೂ ಆಗಿರಬಹುದು. ಪಕ್ಕದವರು ಮಾತ್ರ ಕಾಣಬಹುದಾದ ಸಣ್ಣ ವಿಷಯವಾದರೆ ನೀವೇ ಒಂದೆರಡು ದಿನ ಆ ಬೆಂಚಿನ ಕಡೆ ಕಣ್ಣಿಡಿ.

ಎಚ್ಚರಿಕೆಯ ಗುರುತು: ಒಬ್ಬರ ಪುಟದಲ್ಲಿ ಮೂರು ಕಾಲಂನಲ್ಲಿ ಎರಡು ಖಾಲಿ ಇದ್ದರೆ ಬರೆಯಲು ಕೂರಬೇಡಿ. ಹೋಗಿ ಇನ್ನೊಂದು ದಿನ ಅವರ ಹತ್ತಿರ ಕೂತು ಬನ್ನಿ. ಖಾಲಿ ಪುಟದಿಂದ ಬರೆದ ಚಿತ್ರ ವಿಶೇಷಣಗಳ ಮೆರವಣಿಗೆ ಆಗಿಯೇ ತೀರುತ್ತದೆ.

## ಹಂತ 4: ಒಂದನ್ನೇ ಆರಿಸಿ

ಪುಟದಲ್ಲಿ ಆರು ವಿಷಯ ಇದ್ದರೆ ಆರನ್ನೂ ಹಾಕುವ ಆಸೆ ಆಗುತ್ತದೆ. 80 ಪದದಲ್ಲಿ ಆರು ವಿಷಯ ತುರುಕಿದರೆ ಪಟ್ಟಿ ಆಗುತ್ತದೆ, ಚಿತ್ರ ಆಗುವುದಿಲ್ಲ. ಒಂದು ಅಭ್ಯಾಸ ಆರಿಸಿಕೊಳ್ಳಿ, ಅದನ್ನೇ ಕೊನೆವರೆಗೂ ಎಳೆಯಿರಿ.

ಆರಿಸುವಾಗ ಒಂದು ಪರೀಕ್ಷೆ ಇದೆ. ಹೆಸರು ಮುಚ್ಚಿ ಆ ವಿಷಯ ಮಾತ್ರ ಕ್ಲಾಸಿನ ಒಬ್ಬರಿಗೆ ಹೇಳಿ. ಯಾರು ಅಂತ ತಕ್ಷಣ ಹೇಳಿದರೆ ಅದೇ ಸರಿ. ‘ಇವನಾ? ಅವಳಾ?’ ಅಂತ ಯೋಚಿಸಿದರೆ ಬೇರೆಯದನ್ನು ಹುಡುಕಿ. ತಡವಾಗಿ ಬರುವವರು, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರು ಪ್ರತಿ ಕ್ಲಾಸಿನಲ್ಲೂ ಐದಾರು ಮಂದಿ ಇರುತ್ತಾರೆ. ನಿದ್ದೆ ಮಾಡುವುದು ವಿಶೇಷವಲ್ಲ. ನಿದ್ದೆಯಲ್ಲೂ ಪುಟ ತಿರುಗಿಸುವುದು ವಿಶೇಷ.

ಅಂಕದಲ್ಲಿ ಕ್ಲಾಸಿಗೇ ಮೊದಲು ಬರುವವರ ಬಗ್ಗೆ ಬರೆಯುವುದು ಮೌನಿಗಳ ಬಗ್ಗೆ ಬರೆದಷ್ಟೇ ಕಷ್ಟ. ಎಲ್ಲರೂ ಅಂಕದ ಬಗ್ಗೆಯೇ ಬರೆಯುತ್ತಾರೆ, ಅವರಿಗೂ ಅದನ್ನು ಕೇಳಿ ಕೇಳಿ ಸಾಕಾಗಿರುತ್ತದೆ. ಅಂಕವನ್ನು ಪೂರ್ತಿ ಬಿಟ್ಟು ಬರೆಯಿರಿ.

## ಹಂತ 5: ಬರೆಯಿರಿ

ಈಗ ಪೆನ್ನು ತೆಗೆಯಿರಿ. ಒಂದೇ ಹುಡುಗನ ಎರಡು ಚಿತ್ರ ಕೊಡುತ್ತೇನೆ. ನನ್ನ ಕೈಗೆ ಬರುವ ಕರಡುಗಳಲ್ಲಿ ಬಹಳಷ್ಟು ಮೊದಲನೆಯ ತರಹದವು.

> ಇವನು ತುಂಬಾ ತಮಾಷೆಯ ಹುಡುಗ. ಯಾವಾಗಲೂ ನಗುತ್ತಾ ನಗಿಸುತ್ತಾ ಇರುತ್ತಾನೆ. ಎಲ್ಲರಿಗೂ ಸಹಾಯ ಮಾಡುತ್ತಾನೆ. ಆದರೆ ಪೆನ್ನು ಮಾತ್ರ ತರುವುದಿಲ್ಲ! ಇವನ ಮುಂದಿನ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತೇವೆ.

ಇದರಲ್ಲಿ ಒಂದೇ ಒಂದು ಜೀವಂತ ವಿಷಯ ಇದೆ, ಪೆನ್ನು. ಅದನ್ನು ಹಿಡಿದುಕೊಂಡು ಉಳಿದದ್ದೆಲ್ಲ ಹೊಡೆದುಹಾಕಿದರೆ:

> ಹೈಸ್ಕೂಲು ಸೇರಿದಾಗಿನಿಂದ ಇವನು ಸ್ವಂತ ಪೆನ್ನಿನಲ್ಲಿ ಬರೆದದ್ದನ್ನು ಕಂಡವರಿಲ್ಲ. ಕೇಳುವ ಗತ್ತು ಬೇರೆ: ‘ನೀಲಿ ಇದ್ಯಾ? ಜೆಲ್ ಬೇಡ, ನಂಗೆ ಆಗಲ್ಲ.’ ಕೊಟ್ಟ ಪೆನ್ನು ಖಂಡಿತ ವಾಪಸ್ ಬರುತ್ತದೆ, ಆದರೆ ಅದು ನಿಮ್ಮದಲ್ಲ, ಮುಂದಿನ ಬೆಂಚಿನವರದ್ದು. ಹೀಗಾಗಿ ಈಗ ಕ್ಲಾಸಿನಲ್ಲಿ ಯಾರ ಹತ್ತಿರವೂ ಅವರವರ ಪೆನ್ನು ಇಲ್ಲ. ಗಣಿತ ಪರೀಕ್ಷೆಯ ನಡುವೆ ಹಿಂದಿನವಳ ಪೆನ್ನು ನಿಂತುಹೋದಾಗ, ತಾನು ಬರೆಯುತ್ತಿದ್ದುದನ್ನೇ ಹಿಂದಕ್ಕೆ ಚಾಚಿ ಕೈಕಟ್ಟಿ ಕೂತ. ಅದು ಅವಳದ್ದೇ ಪೆನ್ನು. ಆದರೂ ಕೊಟ್ಟ, ಅಲ್ವಾ?

ಇದರ ಒಳಗೆ ನಾಲ್ಕು ಕೆಲಸ ನಡೆದಿದೆ.

ಮೊದಲ ವಾಕ್ಯದಲ್ಲೇ ಕೆಲಸ. ‘ಇವನು ಒಬ್ಬ’ ಅಂತ ಶುರುಮಾಡಬೇಡಿ. ಹುಟ್ಟಿದ ಊರು, ಹವ್ಯಾಸ, ಮೆಚ್ಚಿನ ಬಣ್ಣ ಯಾವುದೂ ಬೇಡ.

ಬಾಯಿಮಾತು ಒಂದು. ಅವರು ಆಡುವ ಕನ್ನಡದಲ್ಲೇ ಇರಲಿ. ಗ್ರಂಥಭಾಷೆಗೆ ತಿರುಗಿಸಿದರೆ ಸತ್ತುಹೋಗುತ್ತದೆ. ಹಾಗೆಂದು ಒಬ್ಬರ ಊರಿನ ಮಾತಿನ ಧಾಟಿಯನ್ನೇ ನಗೆಪಾಟಲು ಮಾಡಬೇಡಿ. ಎಲ್ಲರ ಮಾತನ್ನೂ ಆಡುಮಾತಿನಲ್ಲಿ ಬರೆಯಿರಿ, ಆಗ ಒಬ್ಬರದ್ದು ಎದ್ದು ಕಾಣುವುದಿಲ್ಲ.

ಉತ್ಪ್ರೇಕ್ಷೆ ಒಂದೇ ದಿಕ್ಕಿಗೆ. ನಿಜವಾದ ವಿಷಯವನ್ನು ತೆಗೆದುಕೊಂಡು ‘ಹೀಗೇ ಮುಂದುವರಿದರೆ ಏನಾಗುತ್ತದೆ?’ ಅಂತ ಒಂದು ಹೆಜ್ಜೆ ಮುಂದೆ ಹೋಗಿ. ಪೆನ್ನು ತೆಗೆದುಕೊಳ್ಳುತ್ತಾನೆ, ಬೇರೆಯವರದ್ದು ವಾಪಸ್ ಕೊಡುತ್ತಾನೆ, ಕೊನೆಗೆ ಇಡೀ ಕ್ಲಾಸಿನ ಪೆನ್ನು ಕಲಸಿಹೋಗುತ್ತವೆ. ಒಂದು ಹೆಜ್ಜೆ ನಗಿಸುತ್ತದೆ. ಮೂರು ಹೆಜ್ಜೆ ಹೋಗಿ ‘ಜಗತ್ತಿನ ಪೆನ್ನು ಕಾರ್ಖಾನೆಗಳೆಲ್ಲ ಇವನಿಂದಲೇ ನಡೆಯುತ್ತಿವೆ’ ಅಂದರೆ ಆ ಹುಡುಗ ಕಾಣೆಯಾಗಿ ಬರೆಯುವವರ ಜಾಣತನ ಮಾತ್ರ ಉಳಿಯುತ್ತದೆ.

ಪ್ರೀತಿಯೂ ಕೆಲಸದಲ್ಲೇ. ಇದನ್ನೇ ಜನ ಜಾಸ್ತಿ ತಪ್ಪುವುದು. ಐದು ಸಾಲು ಕಾಲೆಳೆದು, ಕೊನೆಗೆ ‘ಆದರೂ ಇವನ ಮನಸ್ಸು ಬಂಗಾರ’ ಅಂತ ಅಂಟಿಸಿದರೆ ಅದು ತೇಪೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಯಾವ ಅಭ್ಯಾಸಕ್ಕೆ ನಕ್ಕಿರೋ ಅದೇ ಅಭ್ಯಾಸ ಒಂದು ಕ್ಷಣ ಒಳ್ಳೆಯದಾಗಿ ಕಾಣುವ ಸಂದರ್ಭ ಹುಡುಕಿ. ಮೇಲಿನದರಲ್ಲಿ ಪೆನ್ನೇ ನಗಿಸಿತು, ಪೆನ್ನೇ ಅವನನ್ನು ಕಾಪಾಡಿತು. ಇಂಥ ಸಂದರ್ಭ ಸಿಗದಿದ್ದರೆ ಹಂತ 3ರ ಕೊನೆಯ ಪ್ರಶ್ನೆಗೆ ವಾಪಸ್ ಹೋಗಿ, ಕಟ್ಟಿ ಹೇಳಬೇಡಿ. ಇಲ್ಲದ ಒಳ್ಳೆಯತನ ಬರೆದರೆ ಮೊದಲು ನಗುವವನು ಅವನೇ.

### ಬರೆಯುವಾಗಿನ ಸಾಮಾನ್ಯ ತಪ್ಪುಗಳು

ಹೆಸರಿನ ಮೇಲೆ ಶ್ಲೇಷೆ. ಶಾಂತ ಅನ್ನೋ ಹೆಸರಿನವಳಿಗೆ ‘ಹೆಸರಿಗೆ ಮಾತ್ರ ಶಾಂತ’ ಅಂತ. ಅವಳು ಅದನ್ನು ಒಂದನೇ ಕ್ಲಾಸಿನಿಂದ ಕೇಳುತ್ತಿದ್ದಾಳೆ.

ಭವಿಷ್ಯ ಹೇಳುವುದು. ‘ಮುಂದೆ ದೊಡ್ಡ ವಿಜ್ಞಾನಿ ಆಗುತ್ತಾಳೆ’, ‘ರಾಜಕೀಯಕ್ಕೆ ಹೋಗುತ್ತಾನೆ’. ಮೂರನೆಯ ಸಲ ಬಂದಾಗಲೇ ಓದುಗರು ಪುಟ ಹಾರಿಸುತ್ತಾರೆ.

ಪ್ರಾಸಕ್ಕೆ ಬಿದ್ದು ಸುಳ್ಳು ಹೇಳುವುದು. ಪದ್ಯದಲ್ಲಿ ಬರೆಯಲೇಬೇಕು ಅಂತಿದ್ದರೆ ನಾಲ್ಕು ಸಾಲಿಗೆ ನಿಲ್ಲಿಸಿ, ಪ್ರಾಸ ಸಿಗದಿದ್ದರೆ ಪ್ರಾಸ ಬಿಡಿ, ವಿಷಯ ಬಿಡಬೇಡಿ.

ಆಶ್ಚರ್ಯಸೂಚಕ ಚಿಹ್ನೆ. ತಮಾಷೆ ಸಾಲದ ಕಡೆ ಅದು ತಾನಾಗಿ ಬಂದು ಕೂರುತ್ತದೆ. ಕರಡಿನಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಸಾಲು ದುರ್ಬಲವಾಗಿದೆ ಅಂತ ತಿಳಿದು ತಿದ್ದಿ.

ಏಕವಚನ ಬಹುವಚನದ ಗೊಂದಲ. ಎಲ್ಲರಿಗೂ ‘ಇವನು, ಇವಳು’ ಇರಲಿ, ಇಲ್ಲವೇ ಎಲ್ಲರಿಗೂ ‘ಇವರು’ ಇರಲಿ. ಕ್ಲಾಸಿನ ನಾಯಕಿಗೆ ಮಾತ್ರ ‘ಇವರು’ ಅಂತ ಬಂದರೆ ವ್ಯಂಗ್ಯದ ಹಾಗೆ ಕೇಳಿಸುತ್ತದೆ. ಚಿತ್ರದೊಳಗೆ ಶಿಕ್ಷಕರ ಪ್ರಸ್ತಾಪ ಬಂದರೆ ಬಹುವಚನವೇ ಸರಿ, ಅವರು ಎಷ್ಟೇ ಸಲುಗೆಯವರಾಗಿರಲಿ.

## ಹಂತ 6: ನೋವಿನ ಪರೀಕ್ಷೆ

ಸುಲಭದ ಅಳತೆಗೋಲು ಇದು: ಆ ಹುಡುಗ ಅಥವಾ ಹುಡುಗಿ ನಾಳೆ ಬೆಳಿಗ್ಗೆ ಬೇಕೆಂದರೆ ಬಿಡಬಹುದಾದ ವಿಷಯವಾ? ಪೆನ್ನು ಕೇಳುವುದನ್ನು ಬಿಡಬಹುದು. ತಡವಾಗಿ ಬರುವುದನ್ನು ಬಿಡಬಹುದು. ಬಣ್ಣ, ಎತ್ತರ, ತೂಕ, ಹಲ್ಲು, ತೊದಲು ಬಿಡಲಾಗುವುದಿಲ್ಲ. ಬಿಡಲಾಗದ್ದು ಯಾವುದೂ ಪುಸ್ತಿಕೆಗೆ ಬರಬಾರದು, ಅವರೇ ಅದರ ಬಗ್ಗೆ ತಮಾಷೆ ಮಾಡಿಕೊಳ್ಳುವವರಾದರೂ ಬೇಡ. ಅವರು ತಮ್ಮನ್ನು ತಾವು ಆಡಿಕೊಳ್ಳುವುದು ಬೇರೆಯವರು ಆಡದಿರಲಿ ಅಂತಲೂ ಇರಬಹುದು.

ಇದಲ್ಲದೆ ಕಣ್ಣು ಮುಚ್ಚಿ ಹೊಡೆದುಹಾಕಬೇಕಾದವು: ಜಾತಿ, ಧರ್ಮ, ಮನೆಯವರ ಕೆಲಸ, ಮನೆಯ ಹಣಕಾಸು, ಫೇಲಾದದ್ದು, ಕಾಯಿಲೆ. ಮತ್ತು ಪ್ರೀತಿ ಪ್ರೇಮದ ಸುಳಿವು. ‘ಕಿಟಕಿ ಪಕ್ಕ ಯಾಕೆ ಕೂರುತ್ತಾಳೆ ಅಂತ ನಮಗೆ ಗೊತ್ತು’ ಅನ್ನೋ ಸಾಲು ಬರೆಯುವವರಿಗೆ ಪುಳಕ, ಆದರೆ ಪುಸ್ತಿಕೆ ಮನೆಗೂ ಹೋಗುತ್ತದೆ. ಅಪ್ಪ ಅಮ್ಮ, ಅಜ್ಜಿ, ದೊಡ್ಡಪ್ಪ ಎಲ್ಲರೂ ಓದುತ್ತಾರೆ. ಅಲ್ಲಿ ಆಗುವುದಕ್ಕೆ ನೀವು ಜವಾಬ್ದಾರಿ ಹೊರುವುದಿಲ್ಲ, ಹೊರಬೇಕಾದವಳು ಅವಳು.

ಅಡ್ಡಹೆಸರಿನ ವಿಷಯದಲ್ಲಿ ಒಂದೇ ನಿಯಮ. ಅವರು ಆ ಹೆಸರನ್ನು ತಾವೇ ಬಳಸುತ್ತಾರಾ? ಪುಸ್ತಕದ ಮೇಲೆ ಬರೆದುಕೊಂಡಿದ್ದಾರಾ? ಹಾಗಾದರೆ ಹಾಕಬಹುದು. ಕರೆದರೆ ತಿರುಗುತ್ತಾರೆ ಅನ್ನೋದು ಒಪ್ಪಿಗೆಯಲ್ಲ, ವರ್ಷಗಟ್ಟಲೆ ಕರೆದರೆ ಯಾರಾದರೂ ತಿರುಗುತ್ತಾರೆ.

ಎಚ್ಚರಿಕೆಯ ಗುರುತುಗಳು: ಕರಡು ಓದಿದ ಗೆಳೆಯರು ನಗುವ ಮೊದಲು ಆ ಕಡೆ ಈ ಕಡೆ ನೋಡಿದರೆ. ‘ಸುಮ್ನೆ ತಮಾಷೆಗೆ ಬರೆದದ್ದು’ ಅಂತ ನೀವೇ ಮೊದಲೇ ಹೇಳಬೇಕು ಅನ್ನಿಸಿದರೆ. ಒಬ್ಬರ ಚಿತ್ರ ಬರೆಯುವಾಗ ಮಾತ್ರ ತಂಡದವರೆಲ್ಲ ವಿಪರೀತ ಹುರುಪಿನಿಂದ ಸಾಲು ಸೇರಿಸತೊಡಗಿದರೆ. ಕೊನೆಯದು ಬಹಳ ಅಪಾಯದ್ದು. ಆ ಕರಡನ್ನು ಅಲ್ಲೇ ಬಿಟ್ಟು, ಬೇರೊಬ್ಬರಿಂದ ಹೊಸದಾಗಿ ಬರೆಸಿ.

## ಹಂತ 7: ಅವರಿಗೇ ತೋರಿಸಿ

‘ತೋರಿಸಿದರೆ ಅಚ್ಚರಿ ಹೋಗುತ್ತದೆ’ ಅಂತ ಎಲ್ಲ ತಂಡದವರೂ ವಾದ ಮಾಡುತ್ತಾರೆ. ಹೋಗಲಿ ಬಿಡಿ. ಬೇರೆಯವರ ಚಿತ್ರಗಳ ಅಚ್ಚರಿ ಹೇಗೂ ಉಳಿದೇ ಇರುತ್ತದೆ.

ಒಬ್ಬೊಬ್ಬರನ್ನೇ ಕರೆದು, ಬೇರೆ ಯಾರೂ ಇಲ್ಲದ ಕಡೆ ಕೈಗೆ ಹಾಳೆ ಕೊಡಿ. ನೀವು ಓದಿ ಹೇಳಬೇಡಿ, ನಿಮ್ಮ ದನಿಯ ನಗು ಅವರ ಮೇಲೆ ಒತ್ತಡ ಹಾಕುತ್ತದೆ. ಗುಂಪಿನಲ್ಲಂತೂ ತೋರಿಸಲೇಬೇಡಿ. ಗುಂಪಿನಲ್ಲಿ ಎಲ್ಲರೂ ‘ಸೂಪರ್’ ಅನ್ನುತ್ತಾರೆ.

ಅವರು ಓದುವಾಗ ಮುಖ ನೋಡಿ. ನಕ್ಕು, ‘ಅಯ್ಯೋ, ಇದನ್ನು ಯಾರು ಹೇಳಿದ್ದು?’ ಅಂತ ಕೇಳಿದರೆ ಚಿತ್ರ ಗೆದ್ದಿದೆ. ತಿದ್ದುಪಡಿ ಹೇಳಲು ಶುರುಮಾಡಿದರೂ ಒಳ್ಳೆಯದೇ, ‘ಎರಡು ಬೆರಳಲ್ಲ, ಮೂರು ಬೆರಳು’ ಅಂತ ಅವರೇ ಸೇರಿಸುತ್ತಾರೆ. ಪೂರ್ತಿ ಓದಿ, ಹಾಳೆ ಮಡಿಸಿ, ‘ಪರವಾಗಿಲ್ಲ, ಹಾಕಿ’ ಅಂದರೆ ಅದನ್ನು ‘ಬೇಡ’ ಅಂತಲೇ ಓದಿಕೊಳ್ಳಿ. ಬೇರೊಂದು ಬರೆದು ತರುತ್ತೇನೆ ಅಂತ ನೀವೇ ಹೇಳಿ. ಯಾಕೆ ಬೇಡ ಅಂತ ಕಾರಣ ಕೇಳಬಾರದು.

ಯಾರಾದರೂ ಚಿತ್ರವೇ ಬೇಡ ಅಂದರೆ ಹೆಸರು, ಫೋಟೊ ಮತ್ತು ಅವರೇ ಆರಿಸಿದ ಒಂದು ಸಾಲು ಹಾಕಿ. ಎಲ್ಲರೂ ಒಪ್ಪಿದ ಮೇಲೆ ಪೂರ್ತಿ ಕಟ್ಟನ್ನು ಕ್ಲಾಸ್ ಟೀಚರ್‌ಗೆ ಕೊಡಿ. ನಿಮಗೆ ಗೊತ್ತಿಲ್ಲದ ಮನೆಯ ವಿಷಯ ಅವರಿಗೆ ಗೊತ್ತಿರುತ್ತದೆ. ಅವರು ಒಂದು ಸಾಲಿಗೆ ಗೆರೆ ಎಳೆದು ಏನೂ ಹೇಳದೆ ವಾಪಸ್ ಕೊಟ್ಟರೆ, ಕೇಳದೆ ತೆಗೆದುಹಾಕಿ.

## ಹಂತ 8: ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿ

ನಲವತ್ತು ಹಾಳೆಯನ್ನೂ ನೆಲದ ಮೇಲೆ ಸಾಲಾಗಿ ಇಡಿ. ಒಂದೊಂದಾಗಿ ಓದುವಾಗ ಕಾಣದ್ದು ಈಗ ಕಾಣುತ್ತದೆ. ಏಳು ಚಿತ್ರ ‘ಇವಳನ್ನು ಕಂಡರೆ’ ಅಂತಲೇ ಶುರುವಾಗಿವೆ. ಹುಡುಗರೆಲ್ಲ ತುಂಟರು, ಹುಡುಗಿಯರೆಲ್ಲ ಅಚ್ಚುಕಟ್ಟು. ಒಂದೇ ತಮಾಷೆ ಮೂರು ಕಡೆ ಬಂದಿದೆ. ಹುಡುಗಿಯರ ತುಂಟತನದ ಸರಕು ನೋಟುಪುಸ್ತಕದಲ್ಲಿ ಇದ್ದೇ ಇರುತ್ತದೆ, ಬರೆಯುವಾಗ ಕೈ ಹಿಂಜರಿದಿರುತ್ತದೆ. ತಿರುಗಿ ನೋಡಿ.

ಉದ್ದ ಎಣಿಸಿ. ಅತಿ ಉದ್ದದ್ದಕ್ಕೂ ಅತಿ ಚಿಕ್ಕದ್ದಕ್ಕೂ 20 ಪದಕ್ಕಿಂತ ಜಾಸ್ತಿ ಅಂತರ ಇರದಿರಲಿ. ಉದ್ದದ್ದನ್ನು ಕತ್ತರಿಸುವುದೇ ಒಳ್ಳೆಯದು, ಚಿಕ್ಕದ್ದನ್ನು ಹಿಗ್ಗಿಸಲು ಹೋದರೆ ಮತ್ತೆ ವಿಶೇಷಣ ಬರುತ್ತದೆ.

## ಹಂತ 9: ಅಚ್ಚಿಗೆ ಕೊಡುವ ಮುನ್ನ

ಹೆಸರುಗಳನ್ನು ಇಬ್ಬರು ಸೇರಿ ನೋಡಿ. ಒಬ್ಬರು ಹಾಜರಿ ಪಟ್ಟಿಯಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಟ್ಟು ಹೋಗಲಿ. ಇನಿಷಿಯಲ್, ದೀರ್ಘ, ಮಹಾಪ್ರಾಣ ಮೂರೂ ನೋಡಿ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹೆಸರು ತಪ್ಪಿದ್ದರೆ ನೆನಪಿರುವುದು ಅದೇ.

ಟೈಪ್ ಮಾಡುವಾಗ ಮೊದಲಿನಿಂದಲೂ ಯುನಿಕೋಡ್ (ಫಾಂಟ್ ಬದಲಾದರೂ ಅಕ್ಷರ ಬದಲಾಗದ ಸಂಕೇತ ವ್ಯವಸ್ಥೆ) ಬಳಸಿ. ಹಳೆಯ ಫಾಂಟಿನಲ್ಲಿ ಮಾಡಿದ್ದನ್ನು ಆಮೇಲೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಜಾಗ ಬಿಟ್ಟು ಕೂರುವುದುಂಟು. ಹೆಸರುಗಳಲ್ಲಿ ಅವು ಜಾಸ್ತಿ ಇರುವುದರಿಂದ ಏಟು ಬೀಳುವುದು ಅಲ್ಲಿಗೇ. ಅಚ್ಚಿನವರ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡ ಸರಿಯಾಗಿ ಬರುತ್ತದಾ ಅಂತ ಒಂದು ಪುಟ ಕೊಟ್ಟು ಮೊದಲೇ ನೋಡಿ. ಅಚ್ಚಿಗೆ ಕೊಡುವುದು ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಆಗಿರಲಿ.

ಫೋಟೊ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಬೇಕು. 35 × 45 ಮಿಲಿಮೀಟರ್ ಅಳತೆಗೆ ಸುಮಾರು 413 × 531 ಪಿಕ್ಸೆಲ್ ಬೇಕು. ಫೋನಿನಲ್ಲಿ ತೆಗೆದ ಮೂಲ ಫೋಟೊದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

## ವೇದಿಕೆಯಲ್ಲಿ ಓದುವುದಾದರೆ

80 ಪದದ ಚಿತ್ರ ಗಟ್ಟಿಯಾಗಿ ಓದಲು, ನಗುವಿಗೆ ಜಾಗ ಬಿಟ್ಟು, ಸುಮಾರು ಒಂದು ನಿಮಿಷ. ನಲವತ್ತು ಮಂದಿಗೆ ನಲವತ್ತು ನಿಮಿಷ, ಯಾರೂ ಕೂರುವುದಿಲ್ಲ. ಚೆನ್ನಾಗಿರುವ ಹತ್ತನ್ನು ಮಾತ್ರ ಓದಿದರೆ ಉಳಿದ ಮೂವತ್ತು ಮಂದಿ ಕೈಕಟ್ಟಿ ಕೂರುತ್ತಾರೆ. ಪ್ರತಿಯೊಬ್ಬರದ್ದೂ ಒಂದೊಂದೇ ಸಾಲು ಓದಿ, ಹೆಸರು ಆಮೇಲೆ ಹೇಳಿ. ಹೆಸರು ಹೇಳುವ ಮೊದಲೇ ಸಭೆ ಕೂಗುತ್ತದೆ. ಪುಸ್ತಿಕೆಗೆ ಒಪ್ಪಿದವರೂ ವೇದಿಕೆಗೆ ಒಪ್ಪಿದ್ದಾರೆ ಅಂತ ತಿಳಿಯಬೇಡಿ, ಅದನ್ನು ಬೇರೆಯಾಗಿಯೇ ಕೇಳಿ.

## ಅಚ್ಚಾದ ಮೇಲೆ ತಪ್ಪು ಕಂಡರೆ

ಹಂಚುವ ಮೊದಲು ಕಂಡರೆ ಸರಿಯಾದ ಹೆಸರು ಅಥವಾ ಸಾಲನ್ನು ಚೀಟಿಯಲ್ಲಿ ಅಚ್ಚು ಮಾಡಿ ಎಲ್ಲ ಪ್ರತಿಗಳಿಗೂ ಅಂಟಿಸಿ. ಕೈಬರಹದಲ್ಲಿ ತಿದ್ದಿದರೆ ತಪ್ಪು ಇನ್ನೂ ಜೋರಾಗಿ ಕಾಣುತ್ತದೆ. ಹಂಚಿದ ಮೇಲೆ ಯಾರಾದರೂ ನೊಂದಿದ್ದಾರೆ ಅಂತ ಗೊತ್ತಾದರೆ ಅವರ ಹತ್ತಿರ ಹೋಗಿ ಕ್ಷಮೆ ಕೇಳಿ. ‘ನಾವು ಆ ಅರ್ಥದಲ್ಲಿ ಬರೆದಿರಲಿಲ್ಲ’ ಅಂತ ವಿವರಿಸಲು ಕೂರಬೇಡಿ.

ಮೂರು ಕಾಲಂನ ನೋಟುಪುಸ್ತಕವನ್ನು ಹರಿದುಹಾಕಿ. ಫೋನಿನಲ್ಲಿರುವ ಕರಡುಗಳನ್ನೂ ಅಳಿಸಿ, ತಂಡದ ಮೂವರೂ. ಬೇಡ ಅಂದವರ ಮೊದಲ ಕರಡು ಅದರಲ್ಲೇ ಉಳಿದಿರುತ್ತದೆ.